ಅಳಿಯಸಂತಾನ ಕಟ್ಟಿನ ಮನೆಗೆ ಇಂದಿನ ಕಾನೂನಿನಲ್ಲಿ ಎಷ್ಟು ಜಾಗವಿದೆ?

ಪ್ರಶ್ನೆ: ಬ್ರಹ್ಮಾವರದ ಓದುಗ

ಮಾನ್ಯರೇ, ನಾನು ಉಡುಪಿ ಜಿಲ್ಲೆಯ ಒಂದು ಬಂಟ ಕುಟುಂಬದವನು. ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕಳೆದ ವರ್ಷ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ, ದೊಡ್ಡಪ್ಪ ಅವರಿಗಿಂತ ಮೊದಲೇ ಹೋಗಿದ್ದರು, ವೀಲುನಾಮೆಯನ್ನೂ ಬರೆದಿಟ್ಟಿರಲಿಲ್ಲ. 1970ರ ದಶಕದಲ್ಲಿ ಕುಟುಂಬದ ಆಸ್ತಿ ಪಾಲಾದಾಗ ಅವರಿಗೆ ಬಂದ ಗದ್ದೆ, ತೆಂಗಿನ ತೋಟ ಮತ್ತು ತರವಾಡು ಮನೆಗೆ (ಕುಟುಂಬದ ಮೂಲಮನೆಗೆ) ತಾಗಿಕೊಂಡಿರುವ ಒಂದು ತುಂಡು ಜಾಗ ಇಂದಿಗೂ ಅವರ ಹೆಸರಿನಲ್ಲೇ ಇವೆ. ಆ ತುಂಡು ಜಾಗದಲ್ಲಿಯೇ ನಮ್ಮ ದೈವದ ಚಾವಡಿ, ಅಂದರೆ ದೈವಾರಾಧನೆಯ ಸ್ಥಳ, ಇರುವುದರಿಂದ ವಿಷಯ ಬರೀ ಹಣದ್ದಾಗಿ ಉಳಿದಿಲ್ಲ.

ಈಗ ದೊಡ್ಡಪ್ಪನ ಅಣ್ಣನ ಮಕ್ಕಳು, ಮಕ್ಕಳಿಲ್ಲದ ಹಿಂದೂ ಸ್ತ್ರೀಯ ಆಸ್ತಿ ಗಂಡನ ವಾರಸುದಾರರಿಗೆ ಸೇರಬೇಕೆಂದು ಕಾನೂನೇ ಹೇಳುತ್ತದೆ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿರುವ ಪರಿಚಿತ ವಕೀಲರೊಬ್ಬರನ್ನು ಕೇಳಿದಾಗ ಅವರೂ ಅದನ್ನೇ ಹೇಳಿದರು. ನಮ್ಮದು ಅಳಿಯಸಂತಾನ ಕಟ್ಟು, ಅಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ ಪದ್ಧತಿ, ನಮ್ಮಲ್ಲಿ ಗಂಡ ಹೆಂಡತಿಯ ಕುಟುಂಬಕ್ಕೆ ಸೇರಿದವನೇ ಅಲ್ಲ ಎಂದು ನಾನು ವಿವರಿಸಿದ್ದಕ್ಕೆ, 1956ರ ಬಳಿಕ ಅವೆಲ್ಲ ಮುಗಿದ ಕಥೆ ಎಂದು ಅವರು ಉತ್ತರಿಸಿದರು.

ನನ್ನ ಪ್ರಶ್ನೆ ಎರಡು ಬಗೆಯದು. ಮೊದಲನೆಯದು, ಅವರು ಹೇಳಿದ್ದು ಸರಿಯೇ ಎಂಬುದು. ಎರಡನೆಯದು ಸ್ವಲ್ಪ ದೊಡ್ಡದು. ಮೂಡುಬಿದಿರೆಯ ಜೈನರು, ನಮ್ಮ ಬಂಟರು, ಬಿಲ್ಲವರು, ಮೊಗವೀರರು ಒಂದು ರೀತಿಯಲ್ಲಿ, ಶಿವಳ್ಳಿಯವರು ಮತ್ತು ಕೊಂಕಣಿಗರು ಇನ್ನೊಂದು ರೀತಿಯಲ್ಲಿ, ಕ್ರೈಸ್ತರೂ ಬ್ಯಾರಿಗಳೂ ತಮ್ಮ ತಮ್ಮ ರೀತಿಯಲ್ಲಿ ಆಸ್ತಿಯನ್ನು ಮುಂದಿನ ತಲೆಮಾರಿಗೆ ದಾಟಿಸಿದ ಈ ಸಣ್ಣ ಕರಾವಳಿಯಂಥ ಪ್ರದೇಶವು ಎದುರಾದಾಗ, ಇಡೀ ದೇಶಕ್ಕೆಂದು ರಚಿತವಾದ ಕಾನೂನು ಈ ಭಿನ್ನತೆಯನ್ನು ಗುರುತಿಸುತ್ತದೆಯೇ, ಸಹಿಸಿಕೊಳ್ಳುತ್ತದೆಯೇ, ಅಥವಾ ತಾನಾಗಿಯೇ ಅಳಿಯಲಿ ಎಂದು ಸುಮ್ಮನಿರುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಂಗಳೂರಿನ ಸಿವಿಲ್ ವಕೀಲ

ನಿಮ್ಮ ಪರಿಚಿತರು ಹೇಳಿದ ನಿಯಮ ಇದೆ, ಆದರೆ ಅದು ನಿಮಗೆ ಅನ್ವಯಿಸುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಸ್ತ್ರೀಯೊಬ್ಬಳು ವೀಲುನಾಮೆಯಿಲ್ಲದೆ ತೀರಿಕೊಂಡರೆ ಆಕೆಯ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಆಮೇಲಷ್ಟೇ ತಂದೆತಾಯಿಗೆ ಹೋಗುತ್ತದೆ. ತಂದೆಯಿಂದಲೋ ತಾಯಿಯಿಂದಲೋ ಉತ್ತರಾಧಿಕಾರವಾಗಿ ಬಂದ ಆಸ್ತಿಗೆ ಒಂದು ವಿನಾಯಿತಿ ಇದೆ. ಕರಾವಳಿಯ ಹೊರಗೆ ಓದಿ, ಹೊರಗೆಯೇ ವಕಾಲತ್ತು ಮಾಡುವ ಬಹಳ ಮಂದಿ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಎರಡು ಕಲಮು ಮುಂದೆ, 17ನೆಯ ಕಲಮಿನಲ್ಲಿ, ಈ ಕಾಯ್ದೆ ಬಾರದೇ ಇದ್ದಿದ್ದರೆ ಮರುಮಕ್ಕತ್ತಾಯಂ (ಕೇರಳದ ಮಾತೃವಂಶೀಯ ಪದ್ಧತಿ) ಅಥವಾ ಅಳಿಯಸಂತಾನ ಕಾನೂನಿಗೆ ಒಳಪಡುತ್ತಿದ್ದವರಿಗಾಗಿಯೇ ಬೇರೆ ಕ್ರಮವನ್ನು ಕೊಟ್ಟಿದ್ದಾರೆ. ಅದರ ಪ್ರಕಾರ ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ತಾಯಿ. ಎರಡನೆಯ ಸಾಲಿನಲ್ಲಿ ತಂದೆ ಮತ್ತು ಗಂಡ. ಮೂರನೆಯದಾಗಿ ತಾಯಿಯ ವಾರಸುದಾರರು. ನಾಲ್ಕನೆಯದಾಗಿ ತಂದೆಯ ವಾರಸುದಾರರು. ಗಂಡನ ವಾರಸುದಾರರು ಕಟ್ಟಕಡೆಗೆ. ನಿಮ್ಮ ದೊಡ್ಡಮ್ಮನ ವಿಷಯದಲ್ಲಿ ಮೊದಲ ಎರಡು ಸಾಲು ಖಾಲಿಯಾಗಿದ್ದರೆ ಆಸ್ತಿ ನಿಮ್ಮ ಅಜ್ಜಿಯ ವಾರಸುದಾರರಿಗೆ ಬರುತ್ತದೆಯೇ ಹೊರತು ದೊಡ್ಡಪ್ಪನ ಅಣ್ಣನ ಮಕ್ಕಳಿಗಲ್ಲ.

‘ಒಳಪಡುತ್ತಿದ್ದವರು’ ಎಂದಿರುವುದನ್ನು ಗಮನಿಸಿ. 1956ರ ನಂತರ ಹುಟ್ಟಿದವರಿಗೂ ಇದು ಅನ್ವಯಿಸುವಂತೆ ಕಲಮನ್ನು ರಚಿಸಲಾಗಿದೆ.

ಆದರೆ ಇಲ್ಲಿಗೆ ಸಂತೋಷಪಟ್ಟು ನಿಲ್ಲಬೇಡಿ. ಅಜ್ಜಿಯ ವಾರಸುದಾರರು ಯಾರೆಂದು ನಿರ್ಧರಿಸುವುದು ಹಳೆಯ ಕಟ್ಟು ಅಲ್ಲ, 16ನೆಯ ಕಲಮು. ಆಸ್ತಿ ಅಜ್ಜಿಯದ್ದೇ ಆಗಿದ್ದು, ದೊಡ್ಡಮ್ಮ ತೀರಿಕೊಂಡ ಮರುಕ್ಷಣ ಅಜ್ಜಿ ತೀರಿಕೊಂಡರು ಎಂದು ಭಾವಿಸಿ ಲೆಕ್ಕ ಹಾಕಬೇಕು ಎಂದು ಅದು ಹೇಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಅಜ್ಜಿಯ ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡುಮಕ್ಕಳೂ, ಅಂದರೆ ನಿಮ್ಮ ಸೋದರಮಾವಂದಿರೂ ಸಮಪಾಲಿಗೆ ಬರುತ್ತಾರೆ. ಮಾವಂದಿರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಹೋಗುತ್ತದೆ. ಹಳೆಯ ಕಟ್ಟಿನಲ್ಲಿ ಮಾವನ ಮಕ್ಕಳು ತಮ್ಮ ತಾಯಿಯ ಬರಿಯವರು (ತಾಯಿಯ ವಂಶದವರು), ನಿಮ್ಮ ಕುಟುಂಬದ ನೆಲದಲ್ಲಿ ಅವರಿಗೆ ಪಾಲಿಲ್ಲ. ಹೀಗೆ ಕಾನೂನು ಅಳಿಯಸಂತಾನವನ್ನು ಗೌರವಿಸಿ ಆಸ್ತಿಯನ್ನು ತಾಯಿಯ ಕಡೆಗೆ ತಿರುಗಿಸುತ್ತದೆ. ತಿರುಗಿಸಿದ ಮೇಲೆ ಅಳಿಯಸಂತಾನ ಒಪ್ಪದ ರೀತಿಯಲ್ಲಿ ಹಂಚುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರದ ಬಹುಪಾಲು ಇದರಲ್ಲೇ ಇದೆ.

ಇನ್ನೊಂದು ಎಚ್ಚರಿಕೆ. ಪಾಲುಪಟ್ಟಿಯಲ್ಲಿ ದೊಡ್ಡಮ್ಮನ ಹಕ್ಕನ್ನು ಜೀವಿತಾವಧಿಗೆ ಮಾತ್ರ ಎಂದು ಬರೆದಿದ್ದಾರೆಯೇ ನೋಡಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯು ಕುಟುಂಬವನ್ನು ಕವರುಗಳಾಗಿ, ಅಂದರೆ ಕವಲುಗಳಾಗಿ, ವಿಂಗಡಿಸಿ, ಸಂತತಿ ಬೆಳೆಯುವ ಸಾಧ್ಯತೆಯಿರುವುದನ್ನು ಸಂತತಿ ಕವರು ಎಂದೂ, ಇಲ್ಲದ್ದನ್ನು ನಿಸ್ಸಂತತಿ ಕವರು ಎಂದೂ ಕರೆದು, ಕುಟುಂಬದಲ್ಲಿ ಸಂತತಿ ಇರುವವರು ಉಳಿದಿದ್ದರೆ ನಿಸ್ಸಂತತಿ ಕವರಿಗೆ ಪಾಲಿನಲ್ಲಿ ಜೀವಿತಾವಧಿಯ ಹಕ್ಕನ್ನಷ್ಟೇ ಕೊಟ್ಟಿತ್ತು. 1956ರ ಕಾಯ್ದೆಯ 7ನೆಯ ಕಲಮಿನ ವಿವರಣೆಯಾದರೋ ಸತ್ತವರ ಪಾಲು ಅವರಿಗೆ ಪೂರ್ಣವಾಗಿ ಬಂದಿತ್ತೆಂದೇ ಭಾವಿಸಬೇಕು ಎನ್ನುತ್ತದೆ. ಈ ಎರಡರ ತಿಕ್ಕಾಟ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆದ್ದರಿಂದ ಮೂಲ ದಾಖಲೆಯನ್ನು ನೋಡದೆ ಯಾರೂ ಕೊನೆಯ ಮಾತು ಹೇಳಲಾರರು.

ಉತ್ತರ 2: ಮೂಲ್ಕಿಯ ಓದುಗಿ

ವಕೀಲರ ವಿವರಣೆಗೆ ನನ್ನ ತಕರಾರಿಲ್ಲ. ಆದರೆ ಇಂಥ ಚರ್ಚೆಗಳಲ್ಲಿ ಕಟ್ಟು ಎಂದರೆ ಹೆಣ್ಣಿನ ರಾಜ್ಯ, ಕಾನೂನು ಎಂದರೆ ಅದನ್ನು ಕೆಡಿಸಿದ ಹೊರಗಿನವ ಎಂಬ ಭಾವ ಬೇಗನೆ ನುಸುಳುತ್ತದೆ, ಅದನ್ನು ಒಪ್ಪಲಾರೆ. ಸಂತಾನ ಹೆಣ್ಣಿನದು, ಯಜಮಾನಿಕೆ ಹೆಚ್ಚಿನ ಮನೆಗಳಲ್ಲಿ ಮಾವನದು. ಯಜಮಾನ್ತಿಯರು ಇರಲಿಲ್ಲವೆಂದಲ್ಲ, ಆದರೆ ಗೇಣಿ ಎಣಿಸಿದ ಕೈ, ಸಹಿ ಹಾಕಿದ ಕೈ ಸಾಮಾನ್ಯವಾಗಿ ಗಂಡಿನದೇ ಆಗಿತ್ತು. 1860ರ ದಶಕದ ಆರಂಭದಲ್ಲಿಯೇ ಮದ್ರಾಸ್ ಹೈಕೋರ್ಟು, ಅಳಿಯಸಂತಾನ ಕುಟುಂಬದ ಕಿರಿಯ ಸದಸ್ಯರು ಪಾಲು ಕೇಳಿ ಬಲವಂತ ಮಾಡುವಂತಿಲ್ಲ ಎಂದು ತೀರ್ಮಾನಿಸಿತ್ತು. ಆ ಮೇಲೆ ಸುಮಾರು ಎಂಟು ದಶಕಗಳ ಕಾಲ ಯಜಮಾನನೊಂದಿಗೆ ಸರಿಹೋಗದ ಹೆಣ್ಣುಮಗಳಿಗೆ ಆ ಮನೆಯಲ್ಲಿ ಅನ್ನಕ್ಕೆ ಹಕ್ಕಿತ್ತು, ಅದರಿಂದ ಹೊರಬಂದು ಬದುಕಲು ಬೇಕಾದ ಪಾಲಿಗೆ ಹಕ್ಕಿರಲಿಲ್ಲ. ಆ ಹಕ್ಕು ಬಂದದ್ದು 1949ರಲ್ಲಿ, ಕಾನೂನಿನಿಂದ.

ಮದುವೆಯ ವಿಷಯವೂ ಹಾಗೆಯೇ. ನಮ್ಮ ಹಿರಿಯರು ಧಾರೆ ಎರೆದು, ಊರಿಗೆ ಊಟ ಹಾಕಿ ನಡೆಸಿದ ಮದುವೆಗಳನ್ನು ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯಗಳು ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲವೆಂದವು, ಏಕೆಂದರೆ ಅವರ ಪುಸ್ತಕದಲ್ಲಿದ್ದ ಮದುವೆಯಲ್ಲಿ ಹೆಂಡತಿ ಗಂಡನ ಕುಲಕ್ಕೆ ಸೇರಬೇಕಿತ್ತು. ಆ ಅವಮಾನವನ್ನು ಅಳಿಸಿದ್ದೂ 1949ರ ಕಾಯ್ದೆಯೇ. ಕಾನೂನು ನಮ್ಮ ಭಿನ್ನತೆಯನ್ನು ಮೊದಲು ಅರ್ಥ ಮಾಡಿಕೊಳ್ಳಲಿಲ್ಲ, ನಂತರ ಅರ್ಧ ಮಾಡಿಕೊಂಡಿತು ಎನ್ನುವುದಾದರೆ ಒಪ್ಪುತ್ತೇನೆ. ಮಾವನ ಮಕ್ಕಳಿಗೆ ಪಾಲು ಹೋಗುವುದರಿಂದ ಪ್ರಶ್ನೆ ಕೇಳಿದವರಿಗೆ ಬೇಸರವಾಗಬಹುದು. ಆ ಮಾವ ದೊಡ್ಡಮ್ಮನನ್ನು ಕಡೆಗಾಲದಲ್ಲಿ ನೋಡಿಕೊಂಡಿದ್ದರೇ ಎಂಬುದನ್ನು ಕಟ್ಟೂ ಕೇಳುವುದಿಲ್ಲ, ಕಲಮೂ ಕೇಳುವುದಿಲ್ಲ.

ಉತ್ತರ 3: ಕಾನೂನು ಕಾಲೇಜಿನ ನಿವೃತ್ತ ಅಧ್ಯಾಪಕ, ಉಡುಪಿ

ಎರಡನೆಯ ಪ್ರಶ್ನೆಯ ಕುರಿತು ಮಾತ್ರ ಬರೆಯುತ್ತೇನೆ.

ನ್ಯಾಯಾಲಯದ ಮುಂದೆ ರೂಢಿಯೊಂದು ನಿಲ್ಲಬೇಕಾದರೆ ಅದು ಪ್ರಾಚೀನವಾಗಿರಬೇಕು, ನಿರಂತರವಾಗಿರಬೇಕು, ಖಚಿತವಾಗಿರಬೇಕು, ವಿವೇಕಕ್ಕೂ ಸಾರ್ವಜನಿಕ ನೀತಿಗೂ ವಿರುದ್ಧವಾಗಿರಬಾರದು. ಬದಲಾಗದೆ ಉಳಿದದ್ದನ್ನು ಮಾತ್ರ ಗುರುತಿಸುವ ಅಳತೆಗೋಲು ಇದು. ಆದರೆ ರೂಢಿಯ ಜೀವ ಇರುವುದೇ ಊರಿಂದ ಊರಿಗೆ, ಮನೆಯಿಂದ ಮನೆಗೆ ಸ್ವಲ್ಪ ಬದಲಾಗುವುದರಲ್ಲಿ. ಬ್ರಿಟಿಷ್ ನ್ಯಾಯಾಧೀಶರು ಮಂಗಳೂರಿಗೆ ಬಂದಾಗ ಅವರಿಗೆ ಒಂದು ಗ್ರಂಥ ಬೇಕಿತ್ತು. ತನ್ನ ಮಗನನ್ನು ಬಲಿಗೆ ಕೊಡಲು ಹೆಂಡತಿ ನಿರಾಕರಿಸಿದಾಗ ತಂಗಿಯು ತನ್ನ ಮಗನನ್ನು ಕೊಡಲು ಮುಂದಾದಳೆಂದೂ, ಅಂದಿನಿಂದ ಅಳಿಯನಿಗೇ ಆಸ್ತಿ ಎಂದಾಯಿತೆಂದೂ ಹೇಳುವ ಭೂತಾಳ ಪಾಂಡ್ಯನ ಐತಿಹ್ಯದೊಂದಿಗೆ ‘ಕಟ್ಟುಕಟ್ಟಳೆ’ ಎಂಬ ಪಠ್ಯವೊಂದು ಅವರ ಕೈಗೆ ಸಿಕ್ಕಿತು. ಅದರ ಪ್ರಾಚೀನತೆಯನ್ನು ವಿದ್ವಾಂಸರು ಸಂದೇಹಿಸಿದ್ದಾರೆ. ಸಂದೇಹವಿದ್ದರೂ ಅದು ಪ್ರಮಾಣದಂತೆ ನ್ಯಾಯಾಲಯಗಳಲ್ಲಿ ಓಡಾಡಿತು. ಬಾಯಿಮಾತಿನಲ್ಲಿ, ಹಿರಿಯರ ಪಂಚಾತಿಕೆಯಲ್ಲಿ ಬದುಕಿದ್ದ ಕಟ್ಟು ಹೀಗೆ ಅಚ್ಚಾದ ಪುಟಕ್ಕೆ, ಅಲ್ಲಿಂದ ತೀರ್ಪಿಗೆ, ತೀರ್ಪಿನಿಂದ 1949ರ ಕಾಯ್ದೆಗೆ ಇಳಿಯಿತು. ಪ್ರತಿಯೊಂದು ಹಂತದಲ್ಲಿಯೂ ಕಾನೂನು ಅದನ್ನು ಮನ್ನಿಸಿತು, ಮನ್ನಿಸಿದಷ್ಟೂ ಅದು ಕಾನೂನಿನ ಸೊತ್ತಾಯಿತು.

ದೇವಸ್ಥಾನ ಮತ್ತು ಮಠಗಳ ವಿಷಯದಲ್ಲಿಯೂ ಇದೇ ನಡೆದಿದೆ, ಮತ್ತು ಅದರ ಎರಡು ಮೂಲ ತೀರ್ಪುಗಳು ನಮ್ಮ ಜಿಲ್ಲೆಗಳಿಂದಲೇ ಹೋದವು ಎಂಬುದನ್ನು ಇಲ್ಲಿನವರೇ ಮರೆತಂತಿದೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಸಾಲ ಮತ್ತು ಆಡಳಿತದ ವಿವಾದದಿಂದ ಹುಟ್ಟಿದ 1954ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು. ಅದರ ಬೆನ್ನಿಗೇ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ, ಅದು ಗೌಡ ಸಾರಸ್ವತರ ಪಂಥದ ದೇವಸ್ಥಾನ ಎಂಬುದನ್ನು ಒಪ್ಪಿಯೂ, ಎಲ್ಲ ಹಿಂದೂಗಳಿಗೆ ಪ್ರವೇಶ ಕೊಡುವ ಕಾನೂನೇ ಮೇಲೆಂದು ಹೇಳಿ, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಪಂಥದ ಹಕ್ಕನ್ನು ಉಳಿಸಿತು. ಮೊದಲನೆಯದರಲ್ಲಿ ಧರ್ಮಕ್ಕೇ ಮಾತು ಬಿಟ್ಟುಕೊಟ್ಟಂತೆ ಕಾಣುತ್ತದೆ. ಆದರೆ ಆ ಸೂತ್ರ ಬೆಳೆದು, ಯಾವುದು ಅತ್ಯಗತ್ಯ ಎಂದು ನ್ಯಾಯಾಧೀಶರೇ ಗ್ರಂಥ ತಿರುವಿ ತೀರ್ಮಾನಿಸುವ ಸ್ಥಿತಿಗೆ ಬಂದಿತು. 2022ರಲ್ಲಿ ಉಡುಪಿಯಿಂದ ಆರಂಭವಾದ ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಹಿಡಿದದ್ದೂ ಇದೇ ಸೂತ್ರವನ್ನು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ವರ್ಷ ಅಕ್ಟೋಬರಿನಲ್ಲಿ ಭಿನ್ನ ತೀರ್ಪು ಕೊಟ್ಟರು. ಆ ಪ್ರಕರಣದ ಸರಿತಪ್ಪಿಗೆ ನಾನು ಇಲ್ಲಿ ಹೋಗುವುದಿಲ್ಲ. ಶೀರೂರಿನ ಸ್ವಾಮಿಗಳ ಅರ್ಜಿಯಿಂದ ಬಂದ ಸೂತ್ರ ಅರವತ್ತೆಂಟು ವರ್ಷಗಳ ಬಳಿಕ ಅದೇ ಊರಿನ ಕಾಲೇಜು ಹುಡುಗಿಯರ ಅರ್ಜಿಗೆ ಅಳತೆಗೋಲಾಯಿತು ಎಂಬುದಷ್ಟೇ ನನ್ನ ಗಮನ.

ಕಂಬಳದ್ದು ಬೇರೆ ದಾರಿ. 2014ರ ಜಲ್ಲಿಕಟ್ಟು ತೀರ್ಪಿನ ಬಳಿಕ ಕಂಬಳಕ್ಕೂ ತಡೆ ಬಂದಾಗ ಉತ್ತರ ಕೊಟ್ಟದ್ದು ವಿಧಾನಸಭೆ. 2017ರ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯುವಾಗ, ಒಂದು ಆಚರಣೆ ನಾಡಿನ ಸಂಸ್ಕೃತಿಯ ಭಾಗವೇ ಎಂಬುದನ್ನು ಶಾಸಕಾಂಗ ನಿರ್ಧರಿಸಿರುವಾಗ ತಾನು ಬೇರೆ ನಿಲುವು ತಳೆಯುವುದಿಲ್ಲ ಎಂಬ ಧೋರಣೆ ತಳೆಯಿತು. ಹಾಗಾದರೆ ಸಂಸ್ಕೃತಿ ಉಳಿಯುವುದು ಅದಕ್ಕೆ ಮತಬಲ ಇದ್ದಾಗ ಎಂದಾಯಿತೇ? ಕಂಬಳಕ್ಕೆ ಅದು ಇತ್ತು.

ಅದಿಲ್ಲದವರ ಸ್ಥಿತಿ ನೋಡಿ. ಕೊರಗರು, ಮಲೆಕುಡಿಯರು ಪರಿಶಿಷ್ಟ ಪಂಗಡದವರು. ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ಉತ್ತರಾಧಿಕಾರ ಕಾಯ್ದೆ ಪಂಗಡಗಳಿಗೆ ಅನ್ವಯಿಸುವುದಿಲ್ಲ ಎಂದು ಆ ಕಾಯ್ದೆಯ 2ನೆಯ ಕಲಮು ಹೇಳುತ್ತದೆ. ಕಾಗದದ ಮೇಲೆ ಇದು ಭಿನ್ನತೆಗೆ ಸಲ್ಲಿಸಿದ ಪರಮ ಗೌರವ. ಆದರೆ ಕೊರಗ ಹೆಂಗಸೊಬ್ಬಳು ತನ್ನ ಮನೆಯ ಅಡಿಯ ನೆಲಕ್ಕಾಗಿ ದಾವೆ ಹೂಡಿದರೆ, ತನ್ನವರ ರೂಢಿ ಇಂಥದ್ದು ಎಂಬುದನ್ನು ಸಾಕ್ಷಿ ಹಾಕಿಸಿ ಸಾಬೀತು ಮಾಡುವ ಭಾರವೂ ಆಕೆಯ ತಲೆಯ ಮೇಲೆ ಬೀಳುತ್ತಿತ್ತು. 2025ರ ಜುಲೈಯಲ್ಲಿ ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೆಣ್ಣಿಗೆ ಪಾಲಿಲ್ಲ ಎನ್ನುವ ರೂಢಿ ಸಾಬೀತಾಗದಿದ್ದಾಗ ಸಮಾನತೆಯೇ ನಿಯಮವಾಗಬೇಕು ಎಂಬ ಅರ್ಥದ ತೀರ್ಪು ಕೊಟ್ಟಿದೆ. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಈ ವಿಷಯದ ಮೇಲೆ ಬಂದ ಅತ್ಯಂತ ವಿವೇಕದ ನಿಲುವು ಅದು: ರೂಢಿಯನ್ನು ತಳ್ಳಿಹಾಕಲಿಲ್ಲ, ಅದನ್ನು ಸಾಬೀತು ಮಾಡುವ ಭಾರವನ್ನು ಹೆಗಲಿನಿಂದ ಹೆಗಲಿಗೆ ವರ್ಗಾಯಿಸಿತು.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ವಕೀಲರೇ, ನಮ್ಮ ದೊಡ್ಡ ಮಾವ ತೀರಿಕೊಂಡಿದ್ದಾರೆ, ಅವರ ಮಕ್ಕಳು ಮುಂಬಯಿಯಲ್ಲಿದ್ದಾರೆ. ಹಾಗಾಗಿ ತಾವು ಹೇಳಿದ ಲೆಕ್ಕ ನಮ್ಮ ಮನೆಗೆ ಸರಿಯಾಗಿ ಹೊಂದುತ್ತದೆ. ಮೂಲ್ಕಿಯವರು ಕೇಳದೆ ಕೇಳಿದ ಪ್ರಶ್ನೆಗೆ ಉತ್ತರ: ದೊಡ್ಡಮ್ಮನ ಆಸ್ಪತ್ರೆಯ ಖರ್ಚಿನ ಒಂದು ಭಾಗವನ್ನು ಆ ಮಕ್ಕಳೇ ಕಳುಹಿಸಿದ್ದರು. ಅವರಿಗೆ ಗದ್ದೆ ತೋಟಗಳಲ್ಲಿ ಪಾಲು ಸಿಗುವುದಕ್ಕೆ ನನ್ನ ತಾಯಿಯ ಆಕ್ಷೇಪವಿಲ್ಲ. ಚಿಂತೆ ಇರುವುದು ಚಾವಡಿಯ ಜಾಗದ ಬಗ್ಗೆ. ಕುಟುಂಬದ ಗಡಿ (ಯಜಮಾನಿಕೆಯ ಪಟ್ಟ) ಹಿಡಿಯುವವರು, ದೈವಕ್ಕೆ ನೇಮ ಮತ್ತು ತಂಬಿಲ ಸೇವೆ ನಡೆಸುವವರು ಇಂದಿಗೂ ಬರಿಯ ಪ್ರಕಾರವೇ ಬರುತ್ತಾರೆ. ನೆಲದ ಒಡೆತನ ಒಂದು ಲೆಕ್ಕದಲ್ಲಿಯೂ ದೈವದ ಜವಾಬ್ದಾರಿ ಇನ್ನೊಂದು ಲೆಕ್ಕದಲ್ಲಿಯೂ ನಡೆದರೆ ಮುಂದಿನ ತಲೆಮಾರಿನಲ್ಲಿ ಚಾವಡಿ ಯಾರದ್ದಾಗುತ್ತದೆ?

ಉತ್ತರ 4: ಕಾಸರಗೋಡಿನಿಂದ

ಗಡಿಯ ಈಚೆಗಿನ ಒಂದು ಮಾತು. 1956ರ ವರೆಗೆ ನಾವೂ ನೀವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು, ಒಂದೇ ಕಟ್ಟಿನವರು. ರಾಜ್ಯ ವಿಂಗಡಣೆಯಾಗಿ ನಾವು ಕೇರಳಕ್ಕೆ ಸೇರಿದೆವು. ಕೇರಳ ಶಾಸನಸಭೆ 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸುವ ಕಾಯ್ದೆ ಮಾಡಿತು. ಕುಟುಂಬದ ಆಸ್ತಿಯಲ್ಲಿ ಇದ್ದವರೆಲ್ಲ ತಮ್ಮ ತಮ್ಮ ಪಾಲಿನ ಪ್ರತ್ಯೇಕ ಒಡೆಯರಾದರು. ಗಡಿಯಲ್ಲಿರುವ ತಲಪಾಡಿಯ ಆಚೆ ಕಾನೂನಿನಲ್ಲಿ ಕುಟುಂಬ, ಕವರು ಎಂಬವು ಇನ್ನೂ ಉಳಿದಿವೆ, ಈಚೆ ಇಲ್ಲ. ಆದರೆ ನಮ್ಮಲ್ಲಿಯೂ ತರವಾಡು ಮನೆಗಳಿವೆ, ನೇಮಗಳು ನಡೆಯುತ್ತವೆ, ಬರಿ ಕೇಳದೆ ಯಾರೂ ಮದುವೆಯ ಮಾತು ಎತ್ತುವುದಿಲ್ಲ. ಹತ್ತಿರದ ರಕ್ತಸಂಬಂಧಿಗಳ ಮದುವೆಯನ್ನು ತಡೆಯುವ ಹಿಂದೂ ವಿವಾಹ ಕಾಯ್ದೆಯ ಸಪಿಂಡ ನಿಯಮ ತಂದೆಯ ಕಡೆ ಐದು ತಲೆಮಾರು, ತಾಯಿಯ ಕಡೆ ಮೂರೇ ತಲೆಮಾರು ಲೆಕ್ಕ ಹಾಕುತ್ತದೆ. ತಾಯಿಯ ಬರಿಯನ್ನು ಎಷ್ಟು ತಲೆಮಾರು ಹಿಂದಕ್ಕೆ ಹೋದರೂ ಬಿಡದ ನಮ್ಮವರಿಗೆ ಅದು ತಲೆಕೆಳಗಾದ ಲೆಕ್ಕ. ಕಾನೂನು ಅನುಮತಿಸುವ ಮದುವೆಯನ್ನು ನಮ್ಮ ಹಿರಿಯರು ಅನುಮತಿಸುವುದಿಲ್ಲ, ಅಷ್ಟೇ. ಇದಕ್ಕಾಗಿ ಯಾರೂ ನ್ಯಾಯಾಲಯಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಎಲ್ಲ ಭಿನ್ನತೆಗೂ ಕಾನೂನಿನ ಮುದ್ರೆ ಬೇಕಾಗಿಲ್ಲ ಎನ್ನುವುದಕ್ಕಾಗಿ ಇದನ್ನು ಬರೆದೆ.

ಉತ್ತರ 5: ಮೂಲ್ಕಿಯ ಓದುಗಿ

ಕಾಸರಗೋಡಿನವರ ಮಾತು ಚೆನ್ನಾಗಿದೆ, ಆದರೆ ನೆಲ ಇರುವಲ್ಲಿ ಮುದ್ರೆ ಬೇಕಾಗುತ್ತದೆ. ಈಗ ಏಕರೂಪ ನಾಗರಿಕ ಸಂಹಿತೆಯ ಚರ್ಚೆಯಲ್ಲಿ ಹೆಚ್ಚಿನವರ ಕಣ್ಣು ಒಂದು ಸಮುದಾಯದ ಮೇಲೆ ಮಾತ್ರ ಇರುತ್ತದೆ. ಅಂಥ ಸಂಹಿತೆ ಬಂದರೆ ಹಿಂದೂ ಕಾಯ್ದೆಯೊಳಗೇ ಇರುವ 17ನೆಯ ಕಲಮಿನ ಗತಿ ಏನು ಎಂದು ನಮ್ಮ ಬಂಟ, ಬಿಲ್ಲವ ಸಭೆಗಳಲ್ಲಿ ಕೇಳಿದವರನ್ನು ನಾನು ಕಾಣೆ. 2025ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರಾಖಂಡದ ಸಂಹಿತೆ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಅಂದರೆ ಏಕರೂಪವೆಂದು ಕರೆದುಕೊಂಡದ್ದಕ್ಕೂ ವಿನಾಯಿತಿ ಬೇಕಾಯಿತು. ವಿನಾಯಿತಿ ಯಾರಿಗೆ, ಏಕೆ ಎಂಬುದನ್ನು ಕೇಳುವ ಹೊತ್ತು ಕಾಯ್ದೆ ಬರುವ ಮೊದಲೇ ಹೊರತು ಬಂದ ಮೇಲಲ್ಲ.

ಉತ್ತರ 6: ಮಂಗಳೂರಿನ ಸಿವಿಲ್ ವಕೀಲ

ಚಾವಡಿಯ ಪ್ರಶ್ನೆಗೆ ಬರುತ್ತೇನೆ. ಕರಾವಳಿಯ ಹಳೆಯ ಪಾಲುಪಟ್ಟಿಗಳಲ್ಲಿ ದೈವದ ಚಾವಡಿ, ನಾಗಬನ ಮತ್ತು ಅವುಗಳ ಖರ್ಚಿಗೆಂದು ಸ್ವಲ್ಪ ಗದ್ದೆಯನ್ನು ಯಾರ ಪಾಲಿಗೂ ಹಾಕದೆ ಎಲ್ಲರಿಗೂ ಸಮಾನವಾಗಿ ಇಡುವ ಕ್ರಮ ಇದೆ. ನಿಮ್ಮಲ್ಲಿ ಅದು ದೊಡ್ಡಮ್ಮನ ಪಾಲಿನೊಳಗೇ ಬಿದ್ದಿದೆಯೇ, ಅಥವಾ ಅವರ ಸರ್ವೆ ನಂಬರಿನೊಳಗಿದ್ದರೂ ದೈವಕ್ಕೆಂದು ಪ್ರತ್ಯೇಕ ಷರತ್ತು ಬರೆದಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು. ಷರತ್ತು ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಎಲ್ಲ ವಾರಸುದಾರರ ಪಾಲೂ ಆ ಜಾಗದಲ್ಲಿಯೂ ಇದೆ ಎಂದೇ ಹಿಡಿಯಬೇಕು. ಆಗ ಮುಂಬಯಿಯ ಮಕ್ಕಳು, ನಿಮ್ಮ ತಾಯಿ ಮತ್ತು ಬದುಕಿರುವ ಮಾವ ಒಟ್ಟು ಸೇರಿ ಚಾವಡಿಯ ಜಾಗವನ್ನು ದೈವದ ಸೇವೆಗಾಗಿ ಮೀಸಲಿಡುವ ಟ್ರಸ್ಟ್ ಪತ್ರವನ್ನು ನೋಂದಾಯಿಸಬಹುದು. ಅದರಲ್ಲಿ ಆಡಳಿತವನ್ನು ಬರಿಯ ಹಿರಿಯರು ನಡೆಸತಕ್ಕದ್ದೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಕಾನೂನು ತಾನಾಗಿ ಕೊಡದ ಕಟ್ಟನ್ನು ನೀವು ಒಪ್ಪಂದದಿಂದ ಕಟ್ಟಿಕೊಳ್ಳಬಹುದು. ನನ್ನ ಅನುಭವದಲ್ಲಿ ಇಂದು ಕಟ್ಟು ಹೆಚ್ಚು ಭದ್ರವಾಗಿ ಉಳಿದಿರುವುದು ಹೀಗೆ ಬರೆದುಕೊಂಡ ಮನೆಗಳಲ್ಲಿಯೇ.

ಅಧ್ಯಾಪಕರು ಹೇಳಿದ ರೂಢಿಯ ಸಾಬೀತಿನ ಮಾತು ನಿಮಗೂ ತಾಗುತ್ತದೆ. ದೊಡ್ಡಪ್ಪನ ಕಡೆಯವರು ದಾವೆ ಹೂಡಿದರೆ ನಿಮ್ಮ ಕುಟುಂಬ ಅಳಿಯಸಂತಾನದ್ದು ಎಂಬುದನ್ನು ನೀವು ತೋರಿಸಬೇಕಾದೀತು. ಬಂಟರೆಂದ ಮಾತ್ರಕ್ಕೆ ಎದುರು ಪಕ್ಷ ಒಪ್ಪಿಬಿಡುತ್ತದೆ ಎಂದು ಭಾವಿಸಬೇಡಿ. ಪಾಲುಪಟ್ಟಿಯಲ್ಲಿ ‘ಅಳಿಯಸಂತಾನ ಕಟ್ಟಿನ ಕುಟುಂಬ’ ಎಂದು ಬರೆದಿದ್ದರೆ ಅದೇ ಬಲವಾದ ಸಾಕ್ಷಿ. ಮೂಲಪ್ರತಿ ಸಿಗದಿದ್ದರೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಿರಿ. ಅಜ್ಜಿಯ ಎಲ್ಲ ಮಕ್ಕಳನ್ನೂ ಸೇರಿಸಿ ವಂಶವೃಕ್ಷ ಮಾಡಿಸಿ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಖಾತೆ ಬದಲಾವಣೆಗೆ ಅರ್ಜಿ ಹಾಕುವಾಗ 17ನೆಯ ಕಲಮನ್ನು ಸ್ಪಷ್ಟವಾಗಿ ನಮೂದಿಸಿ. ಇಲ್ಲದಿದ್ದರೆ ಗಂಡನ ಕಡೆಯ ವಾರಸುದಾರರ ಹೆಸರನ್ನು ತನ್ನಿ ಎಂದು ಅರ್ಜಿ ವಾಪಸಾಗುವುದು ಅಪರೂಪವಲ್ಲ. ಎದುರು ಪಕ್ಷ ಏಕಪಕ್ಷೀಯವಾಗಿ ತಡೆಯಾಜ್ಞೆ ತಾರದಂತೆ ಸಿವಿಲ್ ನ್ಯಾಯಾಲಯದಲ್ಲಿ ಕೇವಿಯೆಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಮುನ್ನರ್ಜಿ) ಹಾಕಿಡುವುದೂ ಒಳ್ಳೆಯದು. ಕೇವಿಯೆಟ್‌ನ ಅವಧಿ 90 ದಿನ, ಆಮೇಲೆ ಮತ್ತೆ ಹಾಕಬೇಕು.

ಹಾಗೆಯೇ ನಿಮ್ಮ ತಾಯಿಯವರಿಗೆ ಒಂದು ವೀಲುನಾಮೆ ಬರೆಯಲು ಹೇಳಿ. ಕುಟುಂಬ ಅಥವಾ ಕವರಿನ ಆಸ್ತಿಯಲ್ಲಿರುವ ತಮ್ಮ ಹಕ್ಕನ್ನು ವೀಲುನಾಮೆಯಿಂದ ಕೊಡಬಹುದೆಂದು 30ನೆಯ ಕಲಮಿನ ವಿವರಣೆ ಹೆಸರು ಹೇಳಿಯೇ ಅನುಮತಿಸಿದೆ.